‘ಕ್ಯಾನ್ಸಲ್ ಔಟ್’: ಯಾವುದು ಯಾವುದನ್ನು ಹೊಡೆದುಹಾಕುತ್ತದೆ, ಎಲ್ಲಿ ಬಳಸಬಾರದು?

ಭದ್ರಾತೀರ

ಆರ್ಥಿಕ ವರದಿಯೊಂದರ ಅನುವಾದದಲ್ಲಿ ಈ ವಾಕ್ಯ ಹಿಡಿತಕ್ಕೆ ಸಿಗುತ್ತಿಲ್ಲ: “ದಿ ಗೇನ್ಸ್ ಫ್ರಮ್ ಹೈಯರ್ ಎಕ್ಸ್‌ಪೋರ್ಟ್ಸ್ ವರ್ ಕ್ಯಾನ್ಸಲ್ಡ್ ಔಟ್ ಬೈ ಕಾಸ್ಟ್‌ಲಿಯರ್ ಆಯಿಲ್.” ಕರಡಿನಲ್ಲಿ “ಹೆಚ್ಚಿದ ರಫ್ತಿನ ಲಾಭಗಳು ದುಬಾರಿ ತೈಲದಿಂದ ರದ್ದುಗೊಂಡವು” ಎಂದಿದೆ. ಓದಿದರೆ ತೈಲವೇ ಆದೇಶ ಹೊರಡಿಸಿದ ಹಾಗಿದೆ. ಇಂಗ್ಲಿಷಿನ ಕಡೆಯೂ ಅನುಮಾನಗಳಿವೆ. ಬರೀ ‘ಕ್ಯಾನ್ಸಲ್’ ಸಾಲದೇ, ‘ಔಟ್’ ಯಾಕೆ? ‘ಕ್ಯಾನ್ಸಲ್ ಔಟ್ ಇಟ್’ ಅನ್ನಬಹುದೇ? ‘ಆಫ್‌ಸೆಟ್’, ‘ಮೇಕ್ ಅಪ್ ಫಾರ್’, ‘ಈವನ್ ಔಟ್’ ಇವುಗಳಲ್ಲಿ ಯಾವುದನ್ನು ಹಾಕಿದರೂ ನಡೆಯುತ್ತದೆಯೇ?

ಪದಜೋಡಿ

‘ರದ್ದು’ ಯಾಕೆ ಒಗ್ಗುತ್ತಿಲ್ಲ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಕ್ಯಾನ್ಸಲ್ ಮಾಡಲು ಒಬ್ಬರು ಬೇಕು: ಟಿಕೆಟ್ ಕೊಂಡವರು, ಸಭೆ ಕರೆದವರು, ಪರವಾನಗಿ ಕೊಟ್ಟ ಅಧಿಕಾರಿ. ಕ್ಯಾನ್ಸಲ್ ಆದ ಸಭೆ ನಡೆಯುವುದೇ ಇಲ್ಲ. ಕ್ಯಾನ್ಸಲ್ ಔಟ್ ಹಾಗಲ್ಲ. ರಫ್ತು ಏರಿದ್ದೂ ನಿಜ, ತೈಲ ದುಬಾರಿಯಾದದ್ದೂ ನಿಜ, ಎರಡೂ ನಡೆದಿವೆ. ಒಂದರ ಪರಿಣಾಮ ಇನ್ನೊಂದರ ಪರಿಣಾಮವನ್ನು ಹೊಡೆದುಹಾಕಿ ಕೊನೆಗೆ ಏನೂ ಉಳಿಯಲಿಲ್ಲ, ಅಷ್ಟೆ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಹಾಗಾಗಿ “ದಿ ಮೀಟಿಂಗ್ ವಾಸ್ ಕ್ಯಾನ್ಸಲ್ಡ್ ಔಟ್” ತಪ್ಪು; ಅಲ್ಲಿ ‘ಕ್ಯಾನ್ಸಲ್ಡ್’ ಅಥವಾ ಮಾತಿನಲ್ಲಿ ‘ಕಾಲ್ಡ್ ಆಫ್’ ಸಾಕು. ನಮ್ಮಲ್ಲಿ ‘ಔಟ್’, ‘ಅಪ್’ ಸೇರಿಸಿದರೆ ಇಂಗ್ಲಿಷ್ ಗಟ್ಟಿಯಾಗುತ್ತದೆ ಅನ್ನುವ ನಂಬಿಕೆ ಇರುವುದರಿಂದ ಈ ತಪ್ಪು ಕಚೇರಿ ಮೇಲ್‌ಗಳಲ್ಲಿ ಕಾಣುತ್ತಲೇ ಇರುತ್ತದೆ.

ವಾಕ್ಯದೊಳಗೆ ಇದು ಮೂರು ರೀತಿ ಕೂರುತ್ತದೆ. ಮೊದಲನೆಯದು, ಒಂದು ಇನ್ನೊಂದನ್ನು: “ಹೈಯರ್ ರೆಂಟ್ ಕ್ಯಾನ್ಸಲ್ಡ್ ಔಟ್ ಹರ್ ಪೇ ರೈಸ್.” ಇಲ್ಲಿ ಕರ್ತೃ ಯಾವಾಗಲೂ ಎದುರು ಬಂದ ಶಕ್ತಿ, ಕರ್ಮ ಅಳಿಸಿಹೋದದ್ದು. ಅದಲುಬದಲು ಮಾಡಿದರೆ ಅರ್ಥವೂ ತಿರುಗುತ್ತದೆ: “ಹರ್ ಪೇ ರೈಸ್ ಕ್ಯಾನ್ಸಲ್ಡ್ ಔಟ್ ದಿ ಹೈಯರ್ ರೆಂಟ್” ಅಂದರೆ ಬಾಡಿಗೆಯ ಹೊರೆ ತಪ್ಪಿತು ಎಂಬ ಸಮಾಧಾನ, ಮೊದಲಿನದು ಗೊಣಗಾಟ. ಎರಡನೆಯದು, ಎರಡೂ ಸಮಸಮ: “ದಿ ಟೂ ಎಫೆಕ್ಟ್ಸ್ ಕ್ಯಾನ್ಸಲ್ ಈಚ್ ಅದರ್ ಔಟ್.” ಮೂರನೆಯದು, ಕರ್ಮವೇ ಇಲ್ಲದ್ದು: “ದಿ ಟೂ ಎಫೆಕ್ಟ್ಸ್ ಕ್ಯಾನ್ಸಲ್ ಔಟ್.” ನೀವು ಕೊಟ್ಟ ವಾಕ್ಯ ಮೊದಲನೆಯದರ ಕರ್ಮಣಿ ರೂಪ.

ಸರ್ವನಾಮದ ನಿಯಮದಲ್ಲಿ ರಿಯಾಯಿತಿ ಇಲ್ಲ. ‘ಇಟ್’, ‘ದೆಮ್’ ನಡುವೆಯೇ ಕೂರಬೇಕು: ‘ಕ್ಯಾನ್ಸಲ್ ಇಟ್ ಔಟ್’. ‘ಕ್ಯಾನ್ಸಲ್ ಔಟ್ ಇಟ್’ ತಪ್ಪು. ನಾಮಪದ ಚಿಕ್ಕದಿದ್ದರೆ ಎಲ್ಲಿಟ್ಟರೂ ಸರಿ: ‘ಕ್ಯಾನ್ಸಲ್ ಔಟ್ ದಿ ಬೆನಿಫಿಟ್’, ‘ಕ್ಯಾನ್ಸಲ್ ದಿ ಬೆನಿಫಿಟ್ ಔಟ್’. ಕರ್ಮ ಉದ್ದವಾದರೆ ‘ಔಟ್’ ಮೊದಲೇ ಬರಲಿ. ಹನ್ನೆರಡು ಪದ ದಾಟಿದ ಮೇಲೆ ಬರುವ ‘ಔಟ್’ ಯಾವುದಕ್ಕೆ ಸೇರಿದ್ದೆಂದು ಓದುಗ ಹಿಂದಿರುಗಿ ಹುಡುಕಬೇಕಾಗುತ್ತದೆ. ‘ಈಚ್ ಅದರ್’ ಮಾತ್ರ ನಡುವೆ ಇದ್ದರೇ ಚೆಂದ. ‘ಕ್ಯಾನ್ಸಲ್ ಔಟ್ ಈಚ್ ಅದರ್’ ಮುದ್ರಣದಲ್ಲಿ ಕಾಣುತ್ತದೆ, ಆದರೆ ಕಿವಿಗೆ ಸ್ವಲ್ಪ ಬಿಗಿ.

ಕಾಗುಣಿತ: ಬ್ರಿಟಿಷ್ ಬರವಣಿಗೆಯಲ್ಲಿ ‘ಕ್ಯಾನ್ಸಲ್ಡ್’, ‘ಕ್ಯಾನ್ಸಲಿಂಗ್’ ಎರಡಕ್ಕೂ ಎರಡು ಎಲ್, ಅಮೆರಿಕನ್‌ನಲ್ಲಿ ಒಂದು. ‘ಕ್ಯಾನ್ಸಲೇಷನ್’ಗೆ ಸಾಮಾನ್ಯವಾಗಿ ಎರಡೂ ಕಡೆ ಎರಡು. ಒಂದೇ ದಾಖಲೆಯಲ್ಲಿ ಬೆರೆಸಬೇಡಿ.

ಗಣಿತದ ಮೇಷ್ಟ್ರು

ಪದದ ಮೂಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಲ್ಯಾಟಿನ್ನಿನ ‘ಕ್ಯಾನ್ಸೆಲ್ಲಿ’ ಅಂದರೆ ಅಡ್ಡಪಟ್ಟಿಗಳ ಜಾಲಂಧ್ರ. ಬರಹದ ಮೇಲೆ ಜಾಲರಿಯ ಹಾಗೆ ಗೀಟು ಹೊಡೆದು ಅಳಿಸುವುದರಿಂದ ಈ ಕ್ರಿಯಾಪದ ಹುಟ್ಟಿತು. ತರಗತಿಯಲ್ಲಿ ಮೇಲೊಂದು ಕೆಳಗೊಂದು ಗೀಟು ಎಳೆದು ‘ಹೊಡೆದುಹಾಕು’ ಅನ್ನುತ್ತೇವಲ್ಲ, ಅದೂ ಇದೇ ಕೆಲಸ. (ಚಾನ್ಸಲರ್ ಅನ್ನುವ ಪದವೂ ಇದೇ ಬೇರಿನದು, ನ್ಯಾಯಸ್ಥಾನದ ಜಾಲರಿಯ ಬಳಿ ನಿಲ್ಲುತ್ತಿದ್ದ ಅಧಿಕಾರಿ.)

ಗಣಿತದಲ್ಲಿ ಕ್ಯಾನ್ಸಲ್ ಔಟ್ ಎರಡು ಕಡೆ ಬರುತ್ತದೆ, ಎರಡರ ಉಳಿಕೆ ಬೇರೆ. ಕೂಡುವ-ಕಳೆಯುವ ಕಡೆ +5 ಮತ್ತು −5 ಕ್ಯಾನ್ಸಲ್ ಔಟ್ ಆದರೆ ಉಳಿಯುವುದು 0. ಭಾಗಿಸುವ ಕಡೆ ಮೇಲಿನ 7 ಮತ್ತು ಕೆಳಗಿನ 7 ಹೋದರೆ ಉಳಿಯುವುದು 1. ಮಕ್ಕಳು 7/7 ಹೊಡೆದುಹಾಕಿ ಸೊನ್ನೆ ಬರೆಯುವುದು ಇಲ್ಲೇ. ಇನ್ನೊಂದು ಎಡವಟ್ಟು: (2x+6)/2 ರಲ್ಲಿ 2xನ 2 ಮತ್ತು ಕೆಳಗಿನ 2 ಮಾತ್ರ ಹೊಡೆದು x+6 ಎಂದು ಬರೆಯುವುದು. ಹೋಗಬಲ್ಲದ್ದು ಅಪವರ್ತನ, ಕೂಡಿಸಿದ ಪದವಲ್ಲ. 2(x+3)/2 ಎಂದು ಬರೆದುಕೊಂಡರೆ x+3 ಸರಿಯಾಗಿ ಬರುತ್ತದೆ. 16/64 ರಲ್ಲಿ ಎರಡೂ 6 ಹೊಡೆದರೆ 1/4 ಸರಿ ಉತ್ತರವೇ ಬರುತ್ತದೆ. ಅದು ಅದೃಷ್ಟ, ವಿಧಾನವಲ್ಲ. ಬೇಕಿದ್ದರೆ 12/24 ರಲ್ಲಿ 2 ಹೊಡೆದು ನೋಡಿ, ಉತ್ತರ ಅರ್ಧದಿಂದ ಕಾಲಕ್ಕೆ ಇಳಿಯುತ್ತದೆ.

ವರದಿ ಬರೆಯುವವರು ಎಡವುವುದು ಶೇಕಡಾವಾರಿನಲ್ಲಿ. 40,000 ರೂಪಾಯಿ ಸಂಬಳ ಶೇ 10 ಕಡಿತವಾದರೆ 36,000. ಮತ್ತೆ ಶೇ 10 ಹೆಚ್ಚಿಸಿದರೆ 39,600. ನಾನೂರು ರೂಪಾಯಿ ಹೋಯಿತು. “ದಿ ಕಟ್ ಅಂಡ್ ದಿ ಹೈಕ್ ಕ್ಯಾನ್ಸಲ್ಡ್ ಈಚ್ ಅದರ್ ಔಟ್” ಎಂದು ಬರೆದರೆ ಇಂಗ್ಲಿಷ್ ಸರಿ, ಲೆಕ್ಕ ಸುಳ್ಳು. ಶೇ 20ರ ಇಳಿಕೆಗೆ ಶೇ 25ರ ಏರಿಕೆ ಬೇಕು, ಶೇ 50ರ ಇಳಿಕೆಗೆ ಶೇ 100ರದ್ದು.

ಭೌತಶಾಸ್ತ್ರದಲ್ಲಿ ಇದಕ್ಕಿಂತ ಹಠಮಾರಿ ತಪ್ಪು ಒಂದಿದೆ. ನ್ಯೂಟನ್ನನ ಮೂರನೆಯ ನಿಯಮದ ಕ್ರಿಯೆ-ಪ್ರತಿಕ್ರಿಯೆಗಳು ಸಮ, ವಿರುದ್ಧ; ಆದ್ದರಿಂದ ‘ದೇ ಕ್ಯಾನ್ಸಲ್ ಔಟ್’ ಎಂದು ಉತ್ತರಪತ್ರಿಕೆಗಳಲ್ಲಿ ಬರುತ್ತದೆ. ಆಗುವುದಿಲ್ಲ. ಎತ್ತು ಗಾಡಿಯನ್ನು ಎಳೆಯುವ ಬಲ ಇರುವುದು ಗಾಡಿಯ ಮೇಲೆ. ಗಾಡಿ ಎತ್ತನ್ನು ಹಿಂದಕ್ಕೆ ಎಳೆಯುವ ಬಲ ಇರುವುದು ಎತ್ತಿನ ಮೇಲೆ. ಒಂದೇ ವಸ್ತುವಿನ ಮೇಲಿರುವ ಬಲಗಳು ಮಾತ್ರ ಪರಸ್ಪರ ಹೋಗಬಲ್ಲವು. ಮೇಜಿನ ಮೇಲಿಟ್ಟ ಪುಸ್ತಕದ ತೂಕ ಮತ್ತು ಮೇಜು ಅದನ್ನು ಮೇಲಕ್ಕೆ ಒತ್ತುವ ಬಲ ಕ್ಯಾನ್ಸಲ್ ಔಟ್ ಆಗುತ್ತವೆ, ಎರಡೂ ಪುಸ್ತಕದ ಮೇಲೇ ಇವೆ.

ಕಾವೇರಿಕೊಳ್ಳ

ಮೇಷ್ಟ್ರೇ, ತರಗತಿಯಲ್ಲಿ ‘ಕ್ಯಾನ್ಸಲ್ಸ್ ಔಟ್ ವಿತ್’ ಅನ್ನುವುದುಂಟು. ಇದು ನಮ್ಮ ಕಡೆಯ ತಪ್ಪೇ?

ಗಣಿತದ ಮೇಷ್ಟ್ರು

ಅಲ್ಲ. ಬೋರ್ಡಿನ ಮುಂದೆ “ದಿಸ್ ಟರ್ಮ್ ಕ್ಯಾನ್ಸಲ್ಸ್ ವಿತ್ ದಟ್ ಒನ್” ಎಂದು ಇಂಗ್ಲಿಷ್ ನಾಡಿನವರೂ ಹೇಳುತ್ತಾರೆ. ವರದಿ, ಪ್ರಬಂಧಗಳಲ್ಲಿ ಮಾತ್ರ ಕರ್ಮಣಿಗೆ ‘ಬೈ’ ಹಾಕಿ: ‘ಕ್ಯಾನ್ಸಲ್ಡ್ ಔಟ್ ಬೈ’. ‘ಟು’, ‘ಫ್ರಮ್’ ಎರಡೂ ಕೂಡದು. ಕನ್ನಡದ ‘-ಗೆ’ ಕೆಲವೊಮ್ಮೆ ‘ಕ್ಯಾನ್ಸಲ್ಡ್ ಔಟ್ ಟು’ ಆಗಿ ನುಸುಳುತ್ತದೆ.

ಸುದ್ದಿಮನೆ

ಕನ್ನಡದ ಕಡೆಗೆ ಬರೋಣ. ಆ ‘-ಗೆ’ಯಲ್ಲೇ ನಿಮ್ಮ ಉತ್ತರ ಇದೆ ಭದ್ರಾತೀರ ಅವರೇ. “ಸಂಬಳವೆಲ್ಲ ಸಾಲದ ಕಂತಿಗೇ ಸರಿಹೋಯಿತು” ಅನ್ನುತ್ತೇವೆ. ಒಂದು ಬಂತು, ಇನ್ನೊಂದಕ್ಕೆ ಹೋಯಿತು, ಏನೂ ಮಿಗಲಿಲ್ಲ. ಯಾರೂ ರದ್ದು ಮಾಡಿಲ್ಲ. ಹಾಗಾದರೆ: “ರಫ್ತು ಹೆಚ್ಚಿ ಬಂದ ಲಾಭ ತೈಲದ ಬೆಲೆಯೇರಿಕೆಗೇ ಸರಿಹೋಯಿತು.” ಅಳಿಸಿಹೋದದ್ದು ಕರ್ತೃ, ಅಳಿಸಿದ್ದು ಚತುರ್ಥಿಯಲ್ಲಿ, ಕ್ರಿಯಾಪದ ಅಕರ್ಮಕ. ಇಂಗ್ಲಿಷ್ ಕರ್ಮಣಿಯನ್ನು ‘-ಇಂದ’ ಹಾಕಿ ಎಳೆದು ತರುವ ಕಷ್ಟವೇ ಇಲ್ಲ. ಒಂದು ಎಚ್ಚರಿಕೆ: ಚತುರ್ಥಿ ಬಿಟ್ಟು “ಎರಡೂ ಸರಿಹೋದವು” ಎಂದರೆ ಕೆಟ್ಟಿದ್ದು ರಿಪೇರಿಯಾಯಿತು ಅನ್ನುವ ಅರ್ಥ ಬರುತ್ತದೆ. ‘ಅದಕ್ಕೂ ಇದಕ್ಕೂ ಸರಿಹೋಯಿತು’ ಎಂದು ಎರಡನ್ನೂ ಕೊಡಬೇಕು.

ಪತ್ರಿಕೆಗಳಲ್ಲಿ ‘ಸರಿದೂಗಿಸು’ ಎಲ್ಲಾ ಕಡೆಗೂ ಬಳಕೆಯಾಗುತ್ತಿದೆ, ಅದು ಸರಿಯಲ್ಲ. ಸರಿದೂಗಿಸುವುದು ನಷ್ಟವನ್ನು, ಕೊರತೆಯನ್ನು, ಖರ್ಚನ್ನು. “ತೈಲ ಬೆಲೆಯು ಲಾಭವನ್ನು ಸರಿದೂಗಿಸಿತು” ಎಂದು ಯಾರೂ ಆಡುವುದಿಲ್ಲ. ಅಂದರೆ ಅದು ‘ಮೇಕ್ ಅಪ್ ಫಾರ್’ನ ಜೋಡಿ. ಬಲಗಳ ವಿಷಯದಲ್ಲಿ ‘ಪರಸ್ಪರ ರದ್ದಾಗುತ್ತವೆ’ ಪಠ್ಯಪುಸ್ತಕದ ಮಾತಾಗಿ ನೆಲೆ ನಿಂತಿದೆ, ಅದನ್ನು ಅಲುಗಾಡಿಸುವುದು ಬೇಡ.

ತೆಂಕಣಗಾಳಿ

ಇಷ್ಟೆಲ್ಲ ಯಾಕೆ? “ರಫ್ತಿನ ಲಾಭವನ್ನು ತೈಲ ನುಂಗಿಹಾಕಿತು.” ನಾಲ್ಕೇ ಪದ.

ಸುದ್ದಿಮನೆ

ತಲೆಬರಹಕ್ಕೆ ಒಳ್ಳೆಯದು. ವರದಿಯ ಒಳಗೆ ಒಪ್ಪಲಾರೆ. ‘ನುಂಗಿತು’ ಅಂದ ಕೂಡಲೇ ತೈಲ ಖಳನಾಯಕ. ಕ್ಯಾನ್ಸಲ್ ಔಟ್‌ಗೆ ಪಕ್ಷವಿಲ್ಲ. ಒಳ್ಳೆಯದು ಕೆಟ್ಟದ್ದನ್ನೂ ಕೆಟ್ಟದ್ದು ಒಳ್ಳೆಯದನ್ನೂ ಹೊಡೆದುಹಾಕಬಹುದು. ‘ನುಂಗು’ವುದು ಬರೀ ಒಳ್ಳೆಯದನ್ನು. ಮೂಲದಲ್ಲಿ ‘ವೈಪ್ಡ್ ಔಟ್’ ಅಂತಿದ್ದರೆ ನಿಮ್ಮ ಪದಕ್ಕೇ ನನ್ನ ಮತ.

ತೆಂಕಣಗಾಳಿ

‘ಗೇನ್ಸ್’ ಹೋದವು ಅನ್ನುವಾಗ ಬರೆದವರು ಈಗಾಗಲೇ ಒಂದು ಪಕ್ಷ ಹಿಡಿದಾಗಿದೆಯಲ್ಲ! ಇರಲಿ, ಒಪ್ಪಿದೆ ಅನ್ನುವುದಿಲ್ಲ, ಬಿಟ್ಟೆ ಅನ್ನುತ್ತೇನೆ. ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ’ ನಡೆಯುತ್ತದೆಯೇ?

ಪದಜೋಡಿ

ಇಲ್ಲ. ಅಲ್ಲಿ ಶ್ರಮ ದಂಡವಾಯಿತು ಅಷ್ಟೆ, ಎದುರು ಎಳೆಯುವ ಎರಡನೆಯ ಶಕ್ತಿ ಇಲ್ಲ. ಕ್ಯಾನ್ಸಲ್ ಔಟ್‌ಗೆ ಹತ್ತಿರದ ಗಾದೆ ‘ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು’. ಇಲಾಖೆಯೊಂದು ಅಂತರ್ಜಲ ಉಳಿಸಲು ಹನಿ ನೀರಾವರಿಗೆ ಸಬ್ಸಿಡಿ ಕೊಡುವಾಗ ಇನ್ನೊಂದು ನೀತಿ ಹೆಚ್ಚು ನೀರು ಕುಡಿಯುವ ಬೆಳೆಗೆ ಪ್ರೋತ್ಸಾಹ ಕೊಟ್ಟರೆ, “ದಿ ಟೂ ಪಾಲಿಸೀಸ್ ಕ್ಯಾನ್ಸಲ್ ಈಚ್ ಅದರ್ ಔಟ್” ಅನ್ನುವಲ್ಲಿ ಆ ಗಾದೆ ಹೊಂದುತ್ತದೆ. ಆದರೆ ಗಾದೆಯಲ್ಲಿ ಗಾಡಿ ನಿಂತಲ್ಲೇ ನಿಂತಿತು ಎಂದು ಹೇಳಿಲ್ಲ, ಗೆದ್ದದ್ದು ಕೋಣವೂ ಇರಬಹುದು. ಅಂಕಿಯ ಮಾತಿಗೆ ಬೇಡ.

ಖಾತೆಪುಸ್ತಕ

ಲೆಕ್ಕಪತ್ರದವರ ಪಾಲಿನದು ಸೇರಿಸುತ್ತೇನೆ, ಯಾಕೆಂದರೆ ಇಲ್ಲಿ ತಪ್ಪು ಪದ ಹಾಕಿದರೆ ಬರೀ ಭಾಷೆ ಕೆಡುವುದಿಲ್ಲ. ಭಾರತದ ತೆರಿಗೆ ಕಾನೂನಿನ ಪದ ‘ಸೆಟ್ ಆಫ್’. 2026ರ ಮಾರ್ಚ್‌ವರೆಗಿನ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 70ನೇ ಸೆಕ್ಷನ್ ಒಂದೇ ಆದಾಯ ಶೀರ್ಷಿಕೆಯೊಳಗಿನ (ಸಂಬಳ, ವ್ಯಾಪಾರದಂಥ ಒಂದೇ ಬಗೆಯ ಆದಾಯದೊಳಗಿನ) ನಷ್ಟವನ್ನು, 71ನೆಯದು ಬೇರೆ ಬೇರೆ ಶೀರ್ಷಿಕೆಗಳ ನಡುವಿನ ನಷ್ಟವನ್ನು ಹೀಗೆ ಹೊಂದಿಸಿಕೊಳ್ಳುವ ಬಗ್ಗೆ ಇತ್ತು. ಪದದ ಜೊತೆ ಬರುವುದು ‘ಅಗೆನ್‌ಸ್ಟ್’: “ಸೆಟ್ ಆಫ್ ದಿ ಲಾಸ್ ಅಗೆನ್‌ಸ್ಟ್ ದಿ ಗೇನ್.”

ಕ್ಯಾನ್ಸಲ್ ಔಟ್‌ಗೂ ಇದಕ್ಕೂ ಎರಡು ವ್ಯತ್ಯಾಸ. ಸೆಟ್ ಆಫ್ ತಾನಾಗಿ ಆಗುವ ಪರಿಣಾಮವಲ್ಲ, ನಿಯಮದಂತೆ ಒಬ್ಬರು ಮಾಡುವ ಲೆಕ್ಕ. ನಿಯಮ ಬಿಡದಿದ್ದರೆ ಮಾಡುವಂತಿಲ್ಲ. ಷೇರಿನ ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ, ದೀರ್ಘಾವಧಿ ಎರಡೂ ಲಾಭದ ಎದುರು ಹೊಂದಿಸಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದ ಎದುರು ಮಾತ್ರ. ಅಂದರೆ ಒಬ್ಬರಿಗೆ 50,000 ಅಲ್ಪಾವಧಿ ಲಾಭ, 50,000 ದೀರ್ಘಾವಧಿ ನಷ್ಟ ಇದ್ದರೆ ಜೇಬಿನ ಮಟ್ಟಿಗೆ ‘ದೇ ಕ್ಯಾನ್ಸಲ್ ಔಟ್’, ತೆರಿಗೆಯ ಮಟ್ಟಿಗೆ ‘ದೇ ಕಾಂಟ್ ಬಿ ಸೆಟ್ ಆಫ್’. ಎರಡನೆಯದು, ಉಳಿಕೆ ಸೊನ್ನೆ ಆಗಬೇಕೆಂದಿಲ್ಲ. 60,000 ಅಲ್ಪಾವಧಿ ನಷ್ಟವನ್ನು 1,00,000 ಲಾಭದ ಎದುರು ಸೆಟ್ ಆಫ್ ಮಾಡಿದರೆ 40,000 ಉಳಿಯುತ್ತದೆ, ಪದ ಸರಿಯಾಗಿಯೇ ಇದೆ. ಅಲ್ಲಿ ಕ್ಯಾನ್ಸಲ್ ಔಟ್ ಹಾಕಿದರೆ ಪೂರ್ತಿ ಹೋಯಿತು ಎಂದಾಗುತ್ತದೆ.

ಕನ್ನಡದಲ್ಲಿ ಇದಕ್ಕೆ ‘ವಜಾ ಮಾಡು’ ಹಳೆಯ ಲೆಕ್ಕದ ಮಾತು. ಈಗಿನ ಓದುಗನಿಗೆ ‘ನಷ್ಟ ವಜಾ’ ಅಂದರೆ ಅರ್ಜಿ ವಜಾ, ನೌಕರ ವಜಾ ನೆನಪಾಗುತ್ತದೆ. ‘ಲಾಭದಲ್ಲಿ ವಜಾ ಹಾಕಿಕೊಳ್ಳು’ ಎಂದು ಪೂರ್ತಿ ಬರೆದರೆ ಗೊಂದಲ ಕಡಿಮೆ. ‘ಸೆಟ್ ಆಫ್’ಗೆ ಹೊರಡು, ಪಟಾಕಿ ಸಿಡಿಸು, ಅಲಾರಂ ಹೊಡೆಯುವಂತೆ ಮಾಡು ಎಂಬ ಅರ್ಥಗಳೂ ಇರುವುದರಿಂದ ತೆರಿಗೆ, ಕೋರ್ಟಿನ ಹೊರಗೆ ಈ ಅರ್ಥದಲ್ಲಿ ಬಳಸದಿರುವುದೇ ಕ್ಷೇಮ.

ಪದಜೋಡಿ

ಉಳಿದ ಜೊತೆಗಾರರ ವಿಷಯ. ‘ಆಫ್‌ಸೆಟ್’ ಒಂದೇ ಪದ, ಭೂತರೂಪವೂ ‘ಆಫ್‌ಸೆಟ್’, ‘ಆಫ್‌ಸೆಟೆಡ್’ ಇಲ್ಲ. ಅದರ ಮುಂದೆ ‘ಪಾರ್ಟ್ಲಿ’, ‘ಮೋರ್ ದ್ಯಾನ್’ ಸಲೀಸಾಗಿ ಕೂರುತ್ತವೆ: ‘ಪಾರ್ಟ್ಲಿ ಆಫ್‌ಸೆಟ್ ಬೈ’, ‘ಮೋರ್ ದ್ಯಾನ್ ಆಫ್‌ಸೆಟ್ ಬೈ’. ಆರ್ಥಿಕ ವರದಿಗೆ ಇಷ್ಟು ಅನುಕೂಲದ ಪದ ಇನ್ನೊಂದಿಲ್ಲ. ರಫ್ತಿನಿಂದ 100 ಬಂದು ತೈಲಕ್ಕೆ 70 ಹೋಗಿದ್ದರೆ ‘ಪಾರ್ಟ್ಲಿ ಆಫ್‌ಸೆಟ್’ ಅನ್ನಬೇಕು. ‘ಕ್ಯಾನ್ಸಲ್ಡ್ ಔಟ್’ ಅನ್ನಬೇಕಾದರೆ 100ಕ್ಕೆ 100 ಹೋಗಿರಬೇಕು. ಅದಕ್ಕೇ ಅನುವಾದಿಸುವ ಮುನ್ನ ಕೋಷ್ಟಕ ನೋಡಿ. ಎಷ್ಟೋ ಸಲ ಮೂಲ ಬರೆದವರೇ ಪದ ಜಾರಿಸಿರುತ್ತಾರೆ.

‘ಮೇಕ್ ಅಪ್ ಫಾರ್’ಗೆ ಒಂದೇ ದಿಕ್ಕು: ಒಳ್ಳೆಯದು ಕೆಟ್ಟದ್ದನ್ನು ತುಂಬಿಕೊಡುತ್ತದೆ. ಮೂರು ಪದ ಬಿಡಿಸುವಂತಿಲ್ಲ, ‘ಮೇಕ್ ಅಪ್ ಫಾರ್ ಇಟ್’ ಎಂದೇ ಬರೆಯಬೇಕು. ‘ಫಾರ್’ ಬಿಟ್ಟುಹೋದರೆ ಕಥೆ ಕಟ್ಟುವುದು, ರಾಜಿಯಾಗುವುದು, ಮುಖಕ್ಕೆ ಬಣ್ಣ ಹಚ್ಚುವುದು ಹೀಗೆ ಎಲ್ಲೆಲ್ಲೋ ಹೋಗುತ್ತದೆ. ‘ಈವನ್ ಔಟ್’ ಏರಿಳಿತ ಕಡಿಮೆಯಾಗಿ ಮಟ್ಟಸವಾಗುವುದು, ಸೊನ್ನೆಯಾಗುವುದಲ್ಲ: ತರಕಾರಿ ಬೆಲೆ ವರ್ಷದ ಮೇಲೆ ‘ಈವನ್ಸ್ ಔಟ್’. ‘ಬ್ಯಾಲೆನ್ಸ್ ಔಟ್’ನಲ್ಲಿ ಎರಡೂ ಉಳಿದುಕೊಂಡೇ ಸಮತೂಕ ಬರುತ್ತದೆ, ಸಾರಿನ ಹುಳಿಗೆ ಬೆಲ್ಲ ಹಾಕಿದಾಗ ಹುಳಿಯೂ ಇರುತ್ತದೆ, ಸಿಹಿಯೂ ಇರುತ್ತದೆ.

ಹೇಮಾವತಿ

ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಯಾದ ಐಇಎಲ್‌ಟಿಎಸ್ ಬರೆಯುವವರಿಗೆ ಇದರಲ್ಲಿ ಯಾವುದು ಬೇಕು?

ಪದಜೋಡಿ

ಅಕಾಡೆಮಿಕ್ ಪರೀಕ್ಷೆಯ ಮೊದಲ ಪ್ರಶ್ನೆಯಲ್ಲಿ ನಕ್ಷೆ, ಕೋಷ್ಟಕ ವಿವರಿಸಲು ‘ವಾಸ್ ಆಫ್‌ಸೆಟ್ ಬೈ’. ಎರಡನೆಯದರಲ್ಲಿ ಅನುಕೂಲ-ಅನಾನುಕೂಲ ಕೇಳಿದರೆ ಪ್ರಶ್ನೆಯಲ್ಲೇ ಹೆಚ್ಚಾಗಿ ‘ಔಟ್‌ವೇ’ ಇರುತ್ತದೆ, ಅಂದರೆ ಯಾವುದು ಭಾರ ಎಂದು ಕೇಳುತ್ತಿದ್ದಾರೆ. ಅಲ್ಲಿ ‘ಕ್ಯಾನ್ಸಲ್ ಈಚ್ ಅದರ್ ಔಟ್’ ಎಂದು ಬರೆಯುವುದು ಎರಡೂ ಸಮ ಅನ್ನುವ ನಿಲುವು ತೆಗೆದುಕೊಂಡ ಹಾಗೆ. ಆ ನಿಲುವು ನಿಮ್ಮದಾಗಿದ್ದರೆ ಸಮರ್ಥಿಸಿ. ಇಲ್ಲವಾದರೆ ಆ ಪದಗುಚ್ಛ ಅಲ್ಲಿ ಬೇಡ. ‘ಔಟ್‌ವೇ’ ಕೂಡಿಸಿದ ಒಂದೇ ಪದ, ‘ವೇ ಔಟ್’ ಬೇರೆಯೇ.

ಉಚ್ಚರಿಸುವಾಗ ಒತ್ತು ‘ಔಟ್’ ಮೇಲೆ ಬೀಳಲಿ. ‘ಕ್ಯಾನ್’ ಮೇಲಷ್ಟೇ ಒತ್ತಿ ‘ಔಟ್’ ನುಂಗಿದರೆ ಕೇಳುವವರಿಗೆ ಬರೀ ‘ಕ್ಯಾನ್ಸಲ್’ ಕೇಳಿಸುತ್ತದೆ.

ಧ್ವನಿತಂತಿ

ಇದೇ ಪದದ ಅತಿ ಕಟ್ಟುನಿಟ್ಟಿನ ಬಳಕೆ ಹೆಡ್‌ಫೋನಿನಲ್ಲಿದೆ. ‘ನಾಯ್ಸ್ ಕ್ಯಾನ್ಸಲಿಂಗ್’ ವಿಶೇಷಣವಾದಾಗ ‘ಔಟ್’ ಬೀಳುತ್ತದೆ, ಕ್ರಿಯಾಪದವಾದಾಗ ಬರಬಹುದು: “ದಿ ಸೆಕೆಂಡ್ ವೇವ್ ಕ್ಯಾನ್ಸಲ್ಸ್ ಔಟ್ ದಿ ಫಸ್ಟ್.” ಹೊರಗಿನ ಸದ್ದನ್ನು ಮೈಕ್ ಹಿಡಿದು, ಅಷ್ಟೇ ಎತ್ತರದ, ಉಬ್ಬಿರುವಲ್ಲಿ ತಗ್ಗಿರುವ ಅಲೆಯನ್ನು ಸ್ಪೀಕರ್ ಬಿಡುತ್ತದೆ. ಎತ್ತರ ಸಮ ಇದ್ದರೂ ಹೊಂದಿಕೆ 60 ಡಿಗ್ರಿ (ಒಂದು ಪೂರ್ತಿ ಅಲೆಯ ಆರನೇ ಒಂದು ಪಾಲು) ತಪ್ಪಿತೆಂದರೆ ಉಳಿಯುವ ಅಲೆ ಮೊದಲಿನಷ್ಟೇ ದೊಡ್ಡದು. ಅದಕ್ಕಿಂತ ಹೆಚ್ಚು ತಪ್ಪಿದರೆ ಸದ್ದು ಹೆಚ್ಚುತ್ತದೆ. ಬಸ್ಸಿನ ಎಂಜಿನ್ನಿನಂಥ ತಗ್ಗು ದನಿಯ ಏಕನಾದ ಚೆನ್ನಾಗಿ ಹೋಗಿ, ಪಕ್ಕದ ಸೀಟಿನವರ ಮಾತು ಅಷ್ಟಾಗಿ ಹೋಗದಿರುವುದು ಇದಕ್ಕೇ: ಏರು ದನಿಯ ಅಲೆ ಗಿಡ್ಡ, ಹೊಂದಿಸುವಷ್ಟರಲ್ಲಿ ಜಾರಿರುತ್ತದೆ.

ಗಣಿತದ ಮೇಷ್ಟ್ರು

ಅಳತೆಯ ತಪ್ಪುಗಳಿಗೂ ಇದೇ ಷರತ್ತು. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರುವ ತಪ್ಪುಗಳು ಸರಾಸರಿಯಲ್ಲಿ ‘ಟೆಂಡ್ ಟು ಕ್ಯಾನ್ಸಲ್ ಔಟ್’. ತಕ್ಕಡಿಯೇ ಪ್ರತಿ ಸಲ 50 ಗ್ರಾಂ ಹೆಚ್ಚು ತೋರಿಸಿದರೆ ನೂರು ಸಲ ತೂಗಿ ಸರಾಸರಿ ತೆಗೆದರೂ 50 ಗ್ರಾಂ ಹಾಗೇ ಇರುತ್ತದೆ. ‘ಟೆಂಡ್ ಟು’ ಬಿಡಬೇಡಿ. ಪೂರ್ತಿ ಹೋಗುತ್ತವೆ ಎಂದಲ್ಲ.

ಭದ್ರಾತೀರ

ಕೋಷ್ಟಕ ನೋಡಿದೆ. ರಫ್ತಿನಿಂದ ಬಂದದ್ದಕ್ಕಿಂತ ತೈಲಕ್ಕೆ ಹೋದದ್ದು ಸ್ವಲ್ಪ ಹೆಚ್ಚೇ ಇದೆ. ಹಾಗಾದರೆ “ರಫ್ತು ಹೆಚ್ಚಿ ಬಂದ ಲಾಭವೆಲ್ಲ ತೈಲದ ಬೆಲೆಯೇರಿಕೆಗೇ ಸರಿಹೋಯಿತು” ಸಾಕೇ? ಜೊತೆಗೆ ಈ ಮೂರನ್ನೂ ನೋಡಿ: “ದಿ ಡಿಸ್ಕೌಂಟ್ ಗಾಟ್ ಕ್ಯಾನ್ಸಲ್ ಔಟ್ ಬೈ ಡೆಲಿವರಿ ಚಾರ್ಜ್.” “ಹಿಸ್ ವೋಟ್ ಅಂಡ್ ಹರ್ ವೋಟ್ ಕ್ಯಾನ್ಸಲ್ಡ್ ಔಟ್ ಈಚ್ ಅದರ್ಸ್.” “ಹಿಸ್ ಹಾರ್ಡ್ ವರ್ಕ್ ಕ್ಯಾನ್ಸಲ್ಡ್ ಔಟ್ ಫಾರ್ ಹಿಸ್ ಲ್ಯಾಕ್ ಆಫ್ ಟ್ಯಾಲೆಂಟ್.”

ಪದಜೋಡಿ

ಮೊದಲನೆಯದರಲ್ಲಿ ‘ಕ್ಯಾನ್ಸಲ್ಡ್’ ಆಗಬೇಕು, ‘ಡೆಲಿವರಿ ಚಾರ್ಜ್’ಗೆ ಮುಂದೆ ‘ದಿ’ ಬೇಕು. ‘ಗಾಟ್’ ಮಾತಿನದು, ಬರವಣಿಗೆಯಲ್ಲಿ ‘ವಾಸ್’. ಎರಡನೆಯದರಲ್ಲಿ ಕರ್ತೃ ಮತಗಳು, ಆದ್ದರಿಂದ ‘ಕ್ಯಾನ್ಸಲ್ಡ್ ಈಚ್ ಅದರ್ ಔಟ್’. ಕರ್ತೃ ಗಂಡ-ಹೆಂಡತಿ ಆದರೆ ಆಗ ‘ದೇ ಕ್ಯಾನ್ಸಲ್ಡ್ ಔಟ್ ಈಚ್ ಅದರ್ಸ್ ವೋಟ್ಸ್’. ಮೂರನೆಯದರ ‘ಫಾರ್’ ಬಂದದ್ದು ‘ಮೇಕ್ ಅಪ್ ಫಾರ್’ನಿಂದ, ಅರ್ಥವೂ ಅದೇ ಆದ್ದರಿಂದ ‘ಮೇಡ್ ಅಪ್ ಫಾರ್’ ಎಂದೇ ಬರೆಯಿರಿ.

ಸುದ್ದಿಮನೆ

ತೈಲದ ಪಾಲು ಹೆಚ್ಚಿದ್ದರೆ ‘ಸರಿಹೋಯಿತು’ ಸಾಲದು. ಮೂಲದಲ್ಲಿ ‘ಮೋರ್ ದ್ಯಾನ್’ ಇಲ್ಲದೆ ನೀವಾಗಿ ಸೇರಿಸುವಂತೆಯೂ ಇಲ್ಲ. ವರದಿ ಕಳಿಸಿದವರಿಗೆ ಕೋಷ್ಟಕದ ಸಾಲು ತೋರಿಸಿ ಕೇಳಿ. ಅವರು ಒಪ್ಪಿದರೆ: “ರಫ್ತು ಹೆಚ್ಚಿ ಬಂದ ಲಾಭವೆಲ್ಲ ತೈಲದ ಬೆಲೆಯೇರಿಕೆಗೆ ಹೋಗಿ, ಮೇಲೆ ಕೈಯಿಂದಲೂ ಸ್ವಲ್ಪ ಹಾಕಬೇಕಾಯಿತು.” ‘ಕೈಯಿಂದ ಹಾಕು’ ತೀರಾ ಮನೆಮಾತು ಅನ್ನಿಸಿದರೆ ‘ಮೇಲೆ ನಷ್ಟವೂ ಆಯಿತು’.

ತೆಂಕಣಗಾಳಿ

ಈಗಲಾದರೂ ‘ನುಂಗಿಹಾಕಿತು’ ಹಾಕಿ.